2020ರಲ್ಲಿ ಡಿಗ್ರಿ ಮುಗಿಸಿದವರು ಪರೀಕ್ಷೆ ಬರೆಯದೆ ಪಾಸಾದವರೇ? ಮಂಗಳೂರು ವಿ.ವಿ.ಯಲ್ಲಿ ಆ ವರ್ಷ ನಡೆದದ್ದು

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಹೊಸಬರನ್ನು ಕೆಲಸಕ್ಕೆ ಆರಿಸುವ ತಂಡದಲ್ಲಿದ್ದೇನೆ. ಮಂಗಳೂರು, ಉಡುಪಿ ಕಡೆಯಿಂದ 2020ರಲ್ಲಿ ಬಿ.ಕಾಂ. ಮುಗಿಸಿದವರ ಅರ್ಜಿಗಳು ಈಗಲೂ ಬರುತ್ತವೆ. ‘ಅದು ಕೊರೊನಾ ಬ್ಯಾಚ್, ಆ ವರ್ಷ ಯಾರೂ ಪರೀಕ್ಷೆ ಬರೆದಿಲ್ಲ, ಎಲ್ಲರನ್ನೂ ಸುಮ್ನೆ ಪಾಸ್ ಮಾಡಿದ್ರು’ ಅಂತ ನಮ್ಮಲ್ಲಿ ಮಾತಿದೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಆ ವರ್ಷ ನಿಜವಾಗಿ ಏನೇನಾಯ್ತು? ಗೊತ್ತಿದ್ದವರು ಹೇಳಿ.

ಉತ್ತರ:

ಆ ಮಾತು ಸುಳ್ಳು. 2020ರಲ್ಲಿ ಡಿಗ್ರಿ ಮುಗಿಸಿದ ನಮ್ಮ ಮಕ್ಕಳು ಪರೀಕ್ಷೆ ಬರೆದೇ ಪಾಸಾದವರು. ಸೆಪ್ಟೆಂಬರ್ ತಿಂಗಳ ಮಳೆಯಲ್ಲಿ ಕಾಲೇಜಿಗೆ ಬಂದು, ಮಾಸ್ಕ್ ಹಾಕಿಕೊಂಡು ಕೂತು, ಪೆನ್ನಿನಲ್ಲಿ ಉತ್ತರ ಬರೆದವರು. ನಾನು ಉಡುಪಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕಾಮರ್ಸ್ ಉಪನ್ಯಾಸಕ. ಆ ವರ್ಷ ಫೈನಲ್ ಬಿ.ಕಾಂ.ಗೆ ಆದಾಯ ತೆರಿಗೆ ಪಾಠ ಮಾಡುತ್ತಿದ್ದೆ. ಪರೀಕ್ಷೆಯ ದಿನಗಳಲ್ಲಿ ಕೊಠಡಿ ಮೇಲ್ವಿಚಾರಣೆಗೂ ಇದ್ದೆ. ಹಾಗಾಗಿ ಕಣ್ಣಾರೆ ಕಂಡದ್ದನ್ನೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ. ನಿಮ್ಮ ತಂಡದ ಒಂದು ತಪ್ಪು ತಿಳಿವಳಿಕೆಯಿಂದ ಒಬ್ಬ ಹುಡುಗನ ಅರ್ಜಿ ಪಕ್ಕಕ್ಕೆ ಸರಿಯುತ್ತದೆ ಅಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಈ ಮಾತು ಎಲ್ಲಿಂದ ಹುಟ್ಟಿತು ಅಂತ ಮೊದಲು ಹೇಳುತ್ತೇನೆ. 2020ರ ಜುಲೈ 10ರಂದು ನಮ್ಮ ರಾಜ್ಯ ಸರ್ಕಾರ ಒಂದು ತೀರ್ಮಾನ ಹೇಳಿತು. ಮಧ್ಯದ ಸೆಮಿಸ್ಟರ್‌ಗಳಲ್ಲಿ ಇದ್ದವರಿಗೆ, ಅಂದರೆ ಆಗ ಎರಡನೇ ಮತ್ತು ನಾಲ್ಕನೇ ಸೆಮಿಸ್ಟರ್‌ನಲ್ಲಿ ಇದ್ದವರಿಗೆ, ಪರೀಕ್ಷೆ ಇಲ್ಲ. ಆಂತರಿಕ ಅಂಕದಿಂದ ಅರ್ಧ, ಹಿಂದಿನ ಸೆಮಿಸ್ಟರಿನ ಅಂಕದಿಂದ ಅರ್ಧ ತೆಗೆದುಕೊಂಡು ಅವರನ್ನು ಮುಂದಿನ ತರಗತಿಗೆ ಕಳಿಸುವುದು. ಆದರೆ ಕೊನೆಯ ಸೆಮಿಸ್ಟರಿನವರಿಗೆ ಪರೀಕ್ಷೆ ಇದ್ದೇ ಇದೆ ಅಂತ ಅದೇ ತೀರ್ಮಾನದಲ್ಲಿತ್ತು. ಅದಕ್ಕೆ ಮೊದಲೇ, ಜುಲೈ 6ರಂದು, ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕೊನೆಯ ವರ್ಷದ ಪರೀಕ್ಷೆಗಳನ್ನು ಸೆಪ್ಟೆಂಬರ್ ಕೊನೆಯೊಳಗೆ ಮುಗಿಸಬೇಕು ಅಂದಿತ್ತು. ಅದನ್ನು ಪ್ರಶ್ನಿಸಿ ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. ಆಗಸ್ಟ್ 28ರಂದು ತೀರ್ಪು ಬಂತು: ಬೇಕಾದರೆ ರಾಜ್ಯಗಳು ಹೆಚ್ಚು ಸಮಯ ಕೇಳಬಹುದು, ಆದರೆ ಪರೀಕ್ಷೆ ಇಲ್ಲದೆ ಕೊನೆಯ ವರ್ಷದವರಿಗೆ ಡಿಗ್ರಿ ಕೊಡುವ ಹಾಗಿಲ್ಲ.

ಟಿವಿಯಲ್ಲಿ ‘ಪರೀಕ್ಷೆ ಇಲ್ಲದೆ ಪಾಸ್’ ಅಂತ ದೊಡ್ಡದಾಗಿ ಬಂತು. ‘ಕೊನೆಯ ವರ್ಷ ಬಿಟ್ಟು’ ಎಂಬುದು ಜನರ ಕಿವಿಗೆ ಬೀಳಲೇ ಇಲ್ಲ. ನಿಮ್ಮ ಆಫೀಸಿನ ಮಾತಿನ ಮೂಲ ಇಷ್ಟೇ.

ಈಗ ಆ ವರ್ಷದ ಕಥೆಗೆ ಬರುತ್ತೇನೆ. ನಿಯಮ ಗೊತ್ತಾದರೆ ಸಾಲದು, ಆ ಪರೀಕ್ಷೆಯವರೆಗೆ ಮಕ್ಕಳು ಹೇಗೆ ಬಂದರು ಅನ್ನುವುದೂ ನಿಮಗೆ ಗೊತ್ತಿರಬೇಕು.

ಡಿಸೆಂಬರ್ ಕೊನೆಯ ಹೊತ್ತಿಗೆ ಶುರುವಾದ ಸೆಮಿಸ್ಟರ್ ಅದು. ಮಾರ್ಚ್ ಮಧ್ಯದ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಪಾಠ ಆಗಿತ್ತು. ಮಾರ್ಚ್ 13ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಮಾಲ್, ಥಿಯೇಟರ್, ಕಾಲೇಜು ಎಲ್ಲವನ್ನೂ ಒಂದು ವಾರ ಮುಚ್ಚಲು ಹೇಳಿದರು. ಒಂದು ವಾರ ಅಂದದ್ದನ್ನು ಎಲ್ಲರೂ ಹಾಗೇ ನಂಬಿದರು. ಹಾಸ್ಟೆಲ್ ಮಕ್ಕಳು ಎರಡು ಜೊತೆ ಬಟ್ಟೆ ತೆಗೆದುಕೊಂಡು ಮನೆಗೆ ಹೋದರು. ಪುಸ್ತಕ, ನೋಟ್ಸ್, ಕ್ಯಾಲ್ಕುಲೇಟರ್ ಎಲ್ಲ ಹಾಸ್ಟೆಲಿನಲ್ಲೇ ಉಳಿಯಿತು. ಮಾರ್ಚ್ 22ರಂದು ಜನತಾ ಕರ್ಫ್ಯೂ. ದಕ್ಷಿಣ ಕನ್ನಡದ ಮೊದಲ ಕೊರೊನಾ ಪ್ರಕರಣ ಗೊತ್ತಾದದ್ದೂ ಅದೇ ದಿನ. ಆಮೇಲೆ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಕಾಲೇಜಿನ ಬಾಗಿಲು ಮತ್ತೆ ಪಾಠಕ್ಕೆ ತೆರೆದದ್ದು ನವೆಂಬರ್ 17ಕ್ಕೆ. ಅಷ್ಟರಲ್ಲಿ ಈ ಫೈನಲ್ ಮಕ್ಕಳು ಕಾಲೇಜೇ ಮುಗಿಸಿದ್ದರು. ಬೀಳ್ಕೊಡುಗೆ ಸಮಾರಂಭ ಇಲ್ಲ, ಗ್ರೂಪ್ ಫೋಟೋ ಇಲ್ಲ.

ಬೆಂಗಳೂರಿನಿಂದ ನೋಡುವವರಿಗೆ ಮಂಗಳೂರು ವಿ.ವಿ. ಅಂದರೆ ಕೊಣಾಜೆಯ ಮಂಗಳಗಂಗೋತ್ರಿ ಕ್ಯಾಂಪಸ್ ಮಾತ್ರ ಅನ್ನಿಸಬಹುದು. ಹಾಗಲ್ಲ. ಆಗ ಅದರ ಕೆಳಗೆ ದಕ್ಷಿಣ ಕನ್ನಡ, ಉಡುಪಿ, ಕೊಡಗು ಮೂರೂ ಜಿಲ್ಲೆಗಳ ಡಿಗ್ರಿ ಕಾಲೇಜುಗಳಿದ್ದವು. ಕೊಡಗಿಗೆ ಬೇರೆ ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ. ಅಂದರೆ ಬೈಂದೂರಿನ ಕಡಲ ಕರೆಯ ಹುಡುಗಿ, ಸುಳ್ಯದ ಅಡಿಕೆ ತೋಟದ ಹುಡುಗ, ತಲಕಾವೇರಿ ಕಡೆಯ ಕಾಫಿ ತೋಟದ ಕೂಲಿಯವರ ಮಗ, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಇವರ ಜೊತೆಗೆ ಗಡಿಯಾಚೆ ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ಬರುವ ಮಕ್ಕಳು. ಮನೆ ಕೇರಳದಲ್ಲಿ, ಮಾತು ಕನ್ನಡವೋ ತುಳುವೋ, ಕಾಲೇಜು ಈಚೆ. ಊರಿನವರಿಗೆ ಇದು ವಿಶೇಷವೇ ಅಲ್ಲ. ಗಡಿಯ ತಲಪಾಡಿ ದಾಟುವುದು ಅಂದರೆ ಪಕ್ಕದ ಪೇಟೆಗೆ ಹೋದ ಹಾಗೆ.

ಆ ದಾರಿಗೆ ಮಾರ್ಚ್ ಕೊನೆಯಲ್ಲಿ ಅಡ್ಡ ಬಿತ್ತು. ಕಾಸರಗೋಡಿನಲ್ಲಿ ಸೋಂಕು ಜಾಸ್ತಿಯಾಗಿತ್ತು. ನಮ್ಮ ಕಡೆಯವರು ಗಡಿ ಮುಚ್ಚಿದರು, ಒಳರಸ್ತೆಗಳಿಗೆ ಮಣ್ಣು ಸುರಿದರು. ಕಾಸರಗೋಡಿನವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರೇ. ರೋಗಿಗಳಿಗೂ ದಾರಿ ಇಲ್ಲದಾಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಗೆ ಬರುವವರಿಗೆ ದಾರಿ ತೆರವು ಮಾಡಿಸಲು ಕೇಂದ್ರ ಸರ್ಕಾರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ರೋಗಿಗಳನ್ನು ಯಾವ ನಿಯಮದಲ್ಲಿ ಬಿಡಬೇಕು ಅನ್ನುವ ಬಗ್ಗೆ ಏಪ್ರಿಲ್ 7ರ ಹೊತ್ತಿಗೆ ಒಂದು ಒಪ್ಪಂದ ಆಯಿತು. ರೋಗಿಗಳ ವಿಷಯವೇ ಹೀಗಾದರೆ ವಿದ್ಯಾರ್ಥಿಗಳ ಗತಿ ಯೋಚಿಸಿ. ನನ್ನ ತರಗತಿಯಲ್ಲಿ ಮಂಜೇಶ್ವರ ಕಡೆಯ ಒಬ್ಬ ಹುಡುಗಿ ಇದ್ದಳು. ಅವಳ ನೋಟ್ಸ್ ಎಲ್ಲ ಇಲ್ಲಿನ ಹಾಸ್ಟೆಲಿನಲ್ಲಿ. ಗೆಳತಿಯರು ತಮ್ಮ ನೋಟ್ಸಿನ ಒಂದೊಂದೇ ಪುಟದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರು. ಅವಳು ಅದನ್ನು ನೋಡಿ ಇನ್ನೊಂದು ಪುಸ್ತಕಕ್ಕೆ ಪೂರ್ತಿ ಬರೆದುಕೊಂಡಳು. ಡೇಟಾ ಉಳಿಸಲು ರಾತ್ರಿ ಡೌನ್‌ಲೋಡ್ ಮಾಡಿಕೊಂಡು ಬೆಳಿಗ್ಗೆ ಬರೆಯುತ್ತಿದ್ದಳಂತೆ.

ಆನ್‌ಲೈನ್ ಕ್ಲಾಸಿನ ಬಗ್ಗೆ ನೀವು ಬೇಕಾದಷ್ಟು ಕೇಳಿರುತ್ತೀರಿ. ಆದರೆ ನಮ್ಮ ಜಿಲ್ಲೆಯಲ್ಲಿ ಅದು ಹೇಗಿತ್ತು ಅಂತ ಹೇಳಲೇಬೇಕು. ಪೇಟೆಯವರಿಗೆ ತೊಂದರೆ ಇರಲಿಲ್ಲ. ಘಟ್ಟದ ಬುಡದ ಊರುಗಳಲ್ಲಿ, ಹೆಬ್ರಿ, ಅಮಾಸೆಬೈಲು, ಕೊಲ್ಲೂರು ಸುತ್ತಮುತ್ತ, ಮನೆಯೊಳಗೆ ನೆಟ್ವರ್ಕ್ ಸಿಕ್ಕುವುದೇ ಕಷ್ಟ. ಜೂನ್ ಬಂತು ಅಂದರೆ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುತ್ತದೆ. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ನಿಲ್ಲುತ್ತದೆ. ‘ನೆಟ್ವರ್ಕ್ ಬೇಕಾರೆ ಗುಡ್ಡಿಗೆ ಹೋಯ್ಕ್ ಸರ್’ ಅಂತ ಒಬ್ಬ ಹುಡುಗ ಹೇಳಿದ್ದ. ಅವನು ಹೇಳಿದ್ದು ಅಕ್ಷರಶಃ ನಿಜ. ಮನೆಯ ಹಿಂದಿನ ಗೇರು ಗುಡ್ಡೆ ಹತ್ತಿ, ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಪಾಠ ಕೇಳುತ್ತಿದ್ದ. ಲೆಕ್ಕ ಬರೆದುಕೊಳ್ಳಲು ಮೂರನೇ ಕೈ ಇಲ್ಲವಲ್ಲ. ಅದಕ್ಕೇ ನಾವು ಕೆಲವರು ಗೂಗಲ್ ಮೀಟ್ ಕಡಿಮೆ ಮಾಡಿ, ಲೆಕ್ಕಗಳನ್ನು ಹಾಳೆಯ ಮೇಲೆ ಬಿಡಿಸಿ, ಸಣ್ಣ ಸಣ್ಣ ಆಡಿಯೋ ಜೊತೆಗೆ ಗ್ರೂಪಿಗೆ ಹಾಕಲು ಶುರು ಮಾಡಿದೆವು. ಆಡಿಯೋ ಎಷ್ಟು ದುರ್ಬಲ ನೆಟ್ವರ್ಕಿನಲ್ಲೂ ಹೋಗಿ ತಲುಪುತ್ತದೆ. ಸಂಬಳದ ಆದಾಯ, ಮನೆ ಬಾಡಿಗೆಯ ಆದಾಯ, ಕಡಿತಗಳು, ಎಲ್ಲದರ ಪುನರಾವರ್ತನೆ ಹೀಗೆಯೇ ಆಯಿತು. ಆ ಫೆಬ್ರವರಿಯ ಬಜೆಟ್‌ನಲ್ಲಿ ಹೊಸ ತೆರಿಗೆ ಪದ್ಧತಿ ಘೋಷಣೆಯಾಗಿತ್ತು. ಅದು ಸಿಲೆಬಸ್ಸಿನಲ್ಲಿ ಇರಲಿಲ್ಲ. ಆದರೂ ಮಕ್ಕಳು ತಾವಾಗಿ ಕೇಳಿ, ಹಳೆಯದಕ್ಕೂ ಹೊಸದಕ್ಕೂ ಹೋಲಿಸಿ ಲೆಕ್ಕ ಹಾಕಿ ಕಳಿಸಿದರು. ಪಾಸಾದರೆ ಸಾಕು ಅನ್ನುವ ಮಕ್ಕಳು ಮಾಡುವ ಕೆಲಸ ಅಲ್ಲ ಅದು, ಅಲ್ವಾ?

ಪಾಠಕ್ಕಿಂತ ದೊಡ್ಡ ಚಿಂತೆ ಮನೆಗಳಲ್ಲಿತ್ತು. ಕುಂದಾಪುರ, ಬೈಂದೂರು ಕಡೆಯ ಎಷ್ಟೋ ಮನೆಗಳ ಅಪ್ಪಂದಿರು ಮುಂಬೈಯ ಹೋಟೆಲುಗಳಲ್ಲಿ ಇರುವವರು. ಹೋಟೆಲು ಮುಚ್ಚಿತು, ಸಂಬಳ ನಿಂತಿತು. ಮೇ ತಿಂಗಳಲ್ಲಿ ಅವರು ಊರಿಗೆ ಬರತೊಡಗಿದರು. ಬಂದವರನ್ನು ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮಾಡಿದರು. ಅಲ್ಲಿಯವರೆಗೆ ಶಾಂತವಾಗಿದ್ದ ಉಡುಪಿ ಜಿಲ್ಲೆಯಲ್ಲಿ ಜೂನ್ 2ರಂದು ಒಂದೇ ದಿನ 150 ಪ್ರಕರಣ ಬಂತು. ಕೆಲವು ದಿನ ರಾಜ್ಯದಲ್ಲಿ ಉಡುಪಿಯದ್ದೇ ದೊಡ್ಡ ಸುದ್ದಿ. ಕೊಲ್ಲಿಯಿಂದ ಬರುವವರಿಗೆ ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ‘ವಂದೇ ಭಾರತ್’ ವಿಮಾನ, ಅಂದರೆ ವಿದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರಲು ಸರ್ಕಾರ ಬಿಟ್ಟ ವಿಮಾನ, ಬಂತು. ಅದರಲ್ಲೂ ಕೆಲಸ ಕಳೆದುಕೊಂಡು ಬಂದವರಿದ್ದರು. ಬೀಡಿ ಡಿಪೋಗಳು ಮುಚ್ಚಿದ್ದರಿಂದ ಅಮ್ಮಂದಿರ ಕೈಯಲ್ಲೂ ಕೆಲಸ ಇರಲಿಲ್ಲ. ಯಕ್ಷಗಾನ ಮೇಳಗಳು ಮೇ ಕೊನೆಯ ಪತ್ತನಾಜೆಯವರೆಗೆ ಆಟ ಆಡಬೇಕಾದವು, ಮಾರ್ಚಿನಲ್ಲೇ ಗೆಜ್ಜೆ ಬಿಚ್ಚಿದವು. ನಮ್ಮ ಕಾಲೇಜಿನ ಒಬ್ಬ ಹುಡುಗ ಮೇಳದಲ್ಲಿ ವೇಷ ಮಾಡಿ ಫೀಸು ಕಟ್ಟುತ್ತಿದ್ದ. ಆ ವರ್ಷ ಅವನು ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಹೋದ. ಹಗಲು ಕೆಲಸ, ರಾತ್ರಿ ಓದು. ಇಂಥವರಿಗೆ ‘ಸುಮ್ನೆ ಪಾಸಾದವರು’ ಅಂತ ಹೆಸರಿಟ್ಟರೆ ಹೊಟ್ಟೆ ಉರಿಯುತ್ತದೆ.

ಅದೇ ವರ್ಷದ ಇನ್ನೂ ಕೆಲವು ಸಂಗತಿಗಳಿವೆ, ಬೇಗ ಹೇಳಿ ಮುಂದೆ ಹೋಗುತ್ತೇನೆ. ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಎರಡೂ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕುಗಳು, ಒಂದು 1925ರಲ್ಲಿ, ಇನ್ನೊಂದು 1906ರಲ್ಲಿ. ನಮ್ಮ ಜಿಲ್ಲೆಯ ಕಾಮರ್ಸ್ ಮಕ್ಕಳಿಗೆ ಬ್ಯಾಂಕ್ ಕೆಲಸ ಅಂದರೆ ಮನೆಮಂದಿಯ ಕನಸು. ಲಾಕ್‌ಡೌನ್ ಗದ್ದಲದಲ್ಲಿ ಆ ಹೆಸರುಗಳು ಹೋದದ್ದನ್ನು ಯಾರೂ ಸರಿಯಾಗಿ ದುಃಖಪಡಲೂ ಇಲ್ಲ. ಜುಲೈ 29ರಂದು ಕೇಂದ್ರ ಸರ್ಕಾರ ಹೊಸ ಶಿಕ್ಷಣ ನೀತಿಗೆ ಒಪ್ಪಿಗೆ ಕೊಟ್ಟಿತು. ಅದು ನಮ್ಮ ತರಗತಿಗಳಿಗೆ ಬಂದದ್ದು ಮುಂದಿನ ವರ್ಷ. ನಾಲ್ಕು ವರ್ಷದ ಡಿಗ್ರಿ, ಆಮೇಲೆ 2024ರಲ್ಲಿ ರಾಜ್ಯದಲ್ಲಿ ಮತ್ತೆ ಮೂರು ವರ್ಷ, ಅದೆಲ್ಲ ಬೇರೆ ಕಥೆ. 2020ರಲ್ಲಿ ಮುಗಿಸಿದವರಿಗೆ ಅದರ ಸಂಬಂಧ ಇಲ್ಲ. ಸೆಪ್ಟೆಂಬರ್ 10ಕ್ಕೆ ವಿ.ವಿ.ಗೆ 40 ವರ್ಷ ತುಂಬಿತು. 1980ರಲ್ಲಿ ಅದೇ ದಿನ, ಮೈಸೂರು ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿದ್ದ ಮಂಗಳಗಂಗೋತ್ರಿ ಸ್ವತಂತ್ರ ವಿಶ್ವವಿದ್ಯಾನಿಲಯ ಆಗಿತ್ತು. ಬೇರೆ ಸಮಯವಾಗಿದ್ದರೆ ಅದೊಂದು ಊರ ಹಬ್ಬವೇ ಆಗುತ್ತಿತ್ತು.

ಜುಲೈ, ಆಗಸ್ಟ್ ತಿಂಗಳುಗಳೇ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟದ್ದು. ಪರೀಕ್ಷೆ ಇದೆಯೋ ಇಲ್ಲವೋ? ಒಂದು ದಿನ ಇದೆ ಅನ್ನುವ ಸುದ್ದಿ. ಮರುದಿನ ಬೇರೆ ರಾಜ್ಯದಲ್ಲಿ ರದ್ದಾಯಿತು ಅನ್ನುವ ಸುದ್ದಿ. ಕೋರ್ಟಿನಲ್ಲಿ ವಿಚಾರಣೆ ಮುಂದಕ್ಕೆ. ಓದಿದರೆ ವ್ಯರ್ಥವೇನೋ, ಓದದಿದ್ದರೆ ಮುಳುಗಿದೆವೇನೋ ಅನ್ನುವ ಸ್ಥಿತಿ. ದಿನಾ ಫೋನ್ ಬರುತ್ತಿತ್ತು. ನಾನು ಎಲ್ಲರಿಗೂ ಒಂದೇ ಹೇಳುತ್ತಿದ್ದೆ: ಇದೆ ಅಂತಲೇ ಓದಿ. ಆಗಸ್ಟ್ ಮೊದಲ ವಾರ ಕೊಡಗಿನ ತಲಕಾವೇರಿಯಲ್ಲಿ ಬ್ರಹ್ಮಗಿರಿ ಬೆಟ್ಟ ಜರಿದು ಅರ್ಚಕರ ಕುಟುಂಬ ಮಣ್ಣಿನಡಿ ಹೋಯಿತು. ಆ ಜಿಲ್ಲೆಯ ಮಕ್ಕಳು 2018ರಿಂದ ಪ್ರತಿ ಮಳೆಗಾಲವನ್ನೂ ಹೀಗೇ ಕಂಡವರು. ಮಳೆ, ಸೋಂಕು, ಪರೀಕ್ಷೆ ಮೂರೂ ಅವರಿಗೆ ಒಟ್ಟಿಗೆ ಬಂತು.

ಆಗಸ್ಟ್ 24ರಂದು ನಮ್ಮ ಸರ್ಕಾರ ಹೊರರಾಜ್ಯದಿಂದ ಬರುವವರಿಗೆ ಇದ್ದ ಸೇವಾ ಸಿಂಧು ಜಾಲತಾಣದ ನೋಂದಣಿ, ಕ್ವಾರಂಟೈನ್ ಎಲ್ಲವನ್ನೂ ತೆಗೆಯಿತು. ನಾಲ್ಕು ದಿನಕ್ಕೆ ಸುಪ್ರೀಂ ಕೋರ್ಟ್ ತೀರ್ಪು. ಗಡಿಯಾಚೆಯ ಮಕ್ಕಳು ಆಗ ಉಸಿರು ಬಿಟ್ಟರು. ಮಂಜೇಶ್ವರದ ಹುಡುಗಿ ಅಪ್ಪನ ಸ್ಕೂಟರಿನಲ್ಲಿ ಬಂದು, ಇಲ್ಲಿ ಗೆಳತಿಯ ಮನೆಯಲ್ಲಿ ಉಳಿದು ಪರೀಕ್ಷೆ ಬರೆದಳು. ಹಾಸ್ಟೆಲಿನಲ್ಲಿ ಅವಳ ಪುಸ್ತಕಗಳಿಗೆ ಬೂಷ್ಟು ಹಿಡಿದಿತ್ತು. ಅಷ್ಟರಲ್ಲಿ ಅವುಗಳ ಅಗತ್ಯವೂ ಅವಳಿಗೆ ಇರಲಿಲ್ಲ.

ಪರೀಕ್ಷೆ ನಡೆದ ಬಗೆ ಹೇಳುತ್ತೇನೆ. ಗೇಟಿನಲ್ಲಿ ಜ್ವರ ನೋಡುವ ಯಂತ್ರ, ಕೈಗೆ ಸ್ಯಾನಿಟೈಸರ್. ಬೆಂಚಿಗೆ ಒಬ್ಬರು. ಒಂದು ಕೊಠಡಿಯಲ್ಲಿ ಕೂರಿಸುವವರನ್ನು ಎರಡು ಮೂರು ಕೊಠಡಿಗೆ ಹಂಚಿದ್ದರಿಂದ ನಮಗೆಲ್ಲ ದಿನಾ ಡ್ಯೂಟಿ. ಜ್ವರ, ಕೆಮ್ಮು ಇದ್ದವರಿಗೆ ಬೇರೆ ಕೊಠಡಿ ಸಿದ್ಧವಾಗಿತ್ತು. ಪ್ರಶ್ನೆಪತ್ರಿಕೆ ಎಂದಿನ ಹಾಗೆಯೇ ಇತ್ತು. ಮನೆಯಲ್ಲಿ ಕೂತು ಬರೆದದ್ದಲ್ಲ, ಪುಸ್ತಕ ನೋಡಿ ಬರೆದದ್ದಲ್ಲ, ಮೊಬೈಲಿನಲ್ಲಿ ಟಿಕ್ ಹಾಕಿದ್ದಲ್ಲ. ಇದನ್ನು ನಿಮ್ಮ ತಂಡದವರಿಗೆ ಒತ್ತಿ ಹೇಳಿ. ಖಾಸಗಿ ಬಸ್ಸುಗಳು ಮತ್ತೆ ಓಡುತ್ತಿದ್ದರೂ ಮೊದಲಿನ ಎಲ್ಲ ಟ್ರಿಪ್ಪುಗಳು ಇರಲಿಲ್ಲ. ಒಳಊರಿನ ಮಕ್ಕಳು ಬೆಳಗಿನ ಒಂದೇ ಬಸ್ಸಿಗೆ ಬಂದು ಪರೀಕ್ಷೆ ಶುರುವಾಗುವವರೆಗೆ ಜಗಲಿಯಲ್ಲಿ ಓದುತ್ತಾ ಕೂರುತ್ತಿದ್ದರು. ದೂರ ದೂರ ಕೂತಿದ್ದರು, ಆದರೂ ಆರು ತಿಂಗಳ ನಂತರ ಒಬ್ಬರನ್ನೊಬ್ಬರು ನೋಡುವ ಖುಷಿ ಮಾಸ್ಕಿನ ಮೇಲಿನ ಕಣ್ಣುಗಳಲ್ಲಿ ಕಾಣುತ್ತಿತ್ತು.

ಆ ತಿಂಗಳೇ ಉಡುಪಿಗೆ ನೆರೆ ಬಂತು. ಸೆಪ್ಟೆಂಬರ್ 20, ಭಾನುವಾರ. ಹಿಂದಿನ ರಾತ್ರಿಯಿಡೀ ಸುರಿದ ಮಳೆಗೆ ಹೊಳೆಗಳು ಉಕ್ಕಿದವು. ಕಲ್ಸಂಕದ ತೋಡು ರಸ್ತೆಗೆ ಬಂತು. ಶ್ರೀಕೃಷ್ಣ ಮಠದ ಸುತ್ತ ನೀರು, ಬನ್ನಂಜೆಯಲ್ಲಿ ನೀರು. ಮನೆಗಳ ಒಳಗಿದ್ದವರನ್ನು ದೋಣಿಯಲ್ಲಿ ಕರೆತಂದರು. ಉಡುಪಿಯಲ್ಲಿ ಇಂಥ ನೆರೆಯನ್ನು ದಶಕಗಳಿಂದ ಕಂಡಿಲ್ಲ ಅಂತ ಹಿರಿಯರು ಹೇಳುತ್ತಿದ್ದರು. ನನ್ನ ಒಬ್ಬ ವಿದ್ಯಾರ್ಥಿಯ ಮನೆಯೊಳಗೆ ಸೊಂಟದ ಮಟ್ಟಕ್ಕೆ ನೀರು ಬಂದಿತ್ತು. ಅವನ ಅಮ್ಮ ಮೊದಲು ಎತ್ತಿ ಅಟ್ಟಕ್ಕೆ ಹಾಕಿದ್ದು ಅವನ ಹಾಲ್ ಟಿಕೆಟ್ ಇದ್ದ ಚೀಲವನ್ನು. ಅಕ್ಕಿ ಮೂಟೆ ಆಮೇಲೆ. ನೆರೆ ಇಳಿದ ಮೇಲೆ ಅವನು ಉಳಿದ ಪತ್ರಿಕೆಗಳನ್ನು ನೆಂಟರ ಮನೆಯಿಂದ ಬಂದು ಬರೆದ. ಮನೆಯ ಕೆಸರು ತೆಗೆಯುವ ಕೆಲಸ ಪರೀಕ್ಷೆಗಳ ನಡುವೆಯೇ ನಡೆಯಿತು. ಅವನು ಫಸ್ಟ್ ಕ್ಲಾಸಿನಲ್ಲಿ ಪಾಸಾದ. ಅಂಕಪಟ್ಟಿಯಲ್ಲಿ ಇದ್ಯಾವುದೂ ಇರುವುದಿಲ್ಲ ನೋಡಿ.

ಅವನೇ ಮುಂದೆ ಕೆಲಸ ಹುಡುಕುತ್ತಾ ಒಂದು ಕಡೆ ಸಂದರ್ಶನಕ್ಕೆ ಹೋದ. ಎದುರಿಗಿದ್ದವರು ಅಂಕಪಟ್ಟಿಯ ವರ್ಷ ನೋಡಿ ‘ಓ, ಕೊರೊನಾ ಬ್ಯಾಚಾ’ ಅಂದು ಪಕ್ಕಕ್ಕಿಟ್ಟರಂತೆ. ತೆರಿಗೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ಫೋನಿನಲ್ಲಿ ಹೇಳುವಾಗ ಅವನ ದನಿಯಲ್ಲಿ ಸಿಟ್ಟಿಗಿಂತ ಅವಮಾನ ಜಾಸ್ತಿ ಇತ್ತು. ನಿಮ್ಮ ಪ್ರಶ್ನೆ ನೋಡಿದ ತಕ್ಷಣ ಉತ್ತರ ಬರೆಯಲು ಕೂತದ್ದು ಅದಕ್ಕೇ. ನೀವು ಕೇಳಿ ತಿಳಿದುಕೊಳ್ಳುವ ಮನಸ್ಸು ಮಾಡಿದಿರಿ, ಅದು ನನಗೆ ನಿಜವಾಗಿ ಸಂತೋಷ.

ಇನ್ನು 2021, 2022ರಲ್ಲಿ ಮುಗಿಸಿದವರ ವಿಷಯ. 2020ರ ಬೇಸಿಗೆಯಲ್ಲಿ ನಾಲ್ಕನೇ ಸೆಮಿಸ್ಟರ್‌ನಲ್ಲಿ ಇದ್ದವರು 2021ರಲ್ಲಿ ಡಿಗ್ರಿ ಮುಗಿಸಿದರು. ಎರಡನೇ ಸೆಮಿಸ್ಟರ್‌ನಲ್ಲಿ ಇದ್ದವರು 2022ರಲ್ಲಿ. ಜುಲೈ ತೀರ್ಮಾನದ ಅರ್ಧ-ಅರ್ಧ ಲೆಕ್ಕ ಅನ್ವಯ ಆದದ್ದು ಇವರಿಗೆ, ಅದೂ ಆ ಒಂದು ಸೆಮಿಸ್ಟರಿಗೆ. ಆ ಲೆಕ್ಕವೂ ದಾನ ಅಲ್ಲ. ಹಿಂದಿನ ಸೆಮಿಸ್ಟರಿನಲ್ಲಿ ಚೆನ್ನಾಗಿ ಬರೆದವರಿಗೆ ಮಾತ್ರ ಒಳ್ಳೆಯ ಅಂಕ ಬಂತು. ನಿಧಾನವಾಗಿ ಮೇಲೆ ಬರುತ್ತಿದ್ದ ಮಕ್ಕಳಿಗೆ ಇದರಿಂದ ನಷ್ಟವೇ ಆಯಿತು. ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹೊಂದಿಕೊಳ್ಳಲು ಒದ್ದಾಡಿ, ಎರಡನೆಯದರಲ್ಲಿ ಚೆನ್ನಾಗಿ ಓದುತ್ತಿದ್ದ ಕನ್ನಡ ಮಾಧ್ಯಮದ ಹುಡುಗಿಯ ಪಾಲಿಗೆ ಹಳೆಯ ಕಡಿಮೆ ಅಂಕವೇ ಮತ್ತೆ ಬಂದು ಕೂತಿತು. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಹಾಗಾಗಿ ನೀವು ಹೀಗೆ ಮಾಡಿ. 2020ರ ಮಂಗಳೂರು ವಿ.ವಿ. ಡಿಗ್ರಿ ಇದ್ದರೆ ಅದನ್ನು 2019ರ ಡಿಗ್ರಿಯ ಹಾಗೆಯೇ ನೋಡಿ. ಆರೂ ಸೆಮಿಸ್ಟರ್ ಬರೆದ ಪರೀಕ್ಷೆಯೇ. ಅಂಕಪಟ್ಟಿಯ ತಿಂಗಳು ತಡವಾಗಿದ್ದರೆ ಅದು ವಿದ್ಯಾರ್ಥಿಯ ತಪ್ಪಲ್ಲ, ಮೇ ತಿಂಗಳಿಗೆ ಮುಗಿಯಬೇಕಾದದ್ದು ಸೆಪ್ಟೆಂಬರಿಗೆ ಹೋಗಿತ್ತು. ಆಮೇಲಿನ ಕೆಲವು ತಿಂಗಳು ಕೆಲಸವಿಲ್ಲದೆ ಖಾಲಿ ಕಂಡರೆ ಅದಕ್ಕೂ ಕಾರಣ ಕೇಳುವ ಅಗತ್ಯ ಇಲ್ಲ, ಆಗ ಹೆಚ್ಚಿನ ಕಡೆ ನೇಮಕ ಇರಲಿಲ್ಲ. 2021, 2022ರ ಅಂಕಪಟ್ಟಿಯಲ್ಲಿ 2020ರ ಒಂದು ಸೆಮಿಸ್ಟರಿನ ಅಂಕ ಕಡಿಮೆ ಇದ್ದರೆ ಅದನ್ನು ಬಿಟ್ಟು ಉಳಿದವನ್ನು ನೋಡಿ. ಮತ್ತೆ ಸಂದರ್ಶನದಲ್ಲಿ ವಿಷಯದ ಪ್ರಶ್ನೆ ಕೇಳಿ. ಒಬ್ಬರ ಸಂಬಳದ ವಿವರ ಕೊಟ್ಟು ತೆರಿಗೆ ಲೆಕ್ಕ ಹಾಕಲು ಹೇಳಿ. ನಮ್ಮ ಮಕ್ಕಳು ಹಾಕಿ ತೋರಿಸುತ್ತಾರೆ.